ಭೀಮತಾಲ್‌ನಲ್ಲಿ ಗಾಳ ಹಾಕಬಹುದಾ? ಮೊದಲು ಮೀನಿನ ಲೆಕ್ಕ ನೋಡೋಣ

ದಿಲ್ಲಿ, ನೋಯ್ಡಾ ಕಡೆ ಇರೋ ನಮ್ಮವರು ಬೇಸಿಗೆ ಬಂತೆಂದರೆ ಕಾಠಗೋದಾಮಿನ ರೈಲು ಹತ್ತುತ್ತಾರೆ. ಅಲ್ಲಿಳಿದು ಘಾಟಿ ಹತ್ತಿದರೆ ಭೀಮತಾಲ್. ನೈನಿತಾಲದ ಗದ್ದಲ ಬೇಡ ಅನ್ನೋರ ಊರು. ಹೋಗಿ ಬಂದವರು ನನ್ನನ್ನು ಕೇಳೋದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ: "ಸಾರ್, ದಡದಲ್ಲೇ ದೊಡ್ಡ ದೊಡ್ಡ ಮೀನು ಕಾಣ್ತವೆ. ಮಗನಿಗೆ ರಾಡ್ ಕೊಡಿಸಿದ್ದೀನಿ. ಮುಂದಿನ ಸಲ ಗಾಳ ಹಾಕ್ಬಹುದಾ?"

ಹಾಕಬಹುದು. ಆದರೆ ಯಾವ ಮೀನಿಗೆ, ಯಾವ ತಿಂಗಳಲ್ಲಿ, ಕೆರೆಯ ಯಾವ ಮೂಲೆಯಲ್ಲಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಮೊದಲು ಕೆರೆ. ಸಮುದ್ರಮಟ್ಟದಿಂದ ಸುಮಾರು 1,370 ಮೀಟರ್ ಎತ್ತರದಲ್ಲಿದೆ. ವಿಸ್ತಾರ ಐವತ್ತು ಹೆಕ್ಟೇರಿಗಿಂತ ಸ್ವಲ್ಪ ಕಡಿಮೆ, ಅಂದ್ರೆ ಬೆಂಗಳೂರಿನ ಸ್ಯಾಂಕಿ ಕೆರೆಯಂಥವು ಮೂರು ಸೇರಿದಷ್ಟು. ಹಿಮಾಲಯದ ಲೆಕ್ಕದಲ್ಲಿ ಸಣ್ಣದೇ. ಒಂದು ಕಡೆ ಬ್ರಿಟಿಷರು 1883ರಲ್ಲಿ ಕಟ್ಟಿದ ಅಣೆ ಇದೆ. ಬೇಸಿಗೆಯಲ್ಲಿ ಕೆಳಗಿನ ಹಲ್ದ್ವಾನಿ ಕಡೆಗೆ ಇಲ್ಲಿಂದ ನೀರು ಬಿಡುತ್ತಾರೆ. ಈ ಸಂಗತಿ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕೆರೆಯಲ್ಲಿ ಇರೋರು ಯಾರು? ಪರ್ವತದ ತೊರೆಗಳ ಅಸೇಲಾ ಇದೆ. ಮನುಷ್ಯರು ತಂದು ಬಿಟ್ಟ ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಇವೆ. ನಮಗೆ ಮಾರ್ಕೆಟ್‌ನಲ್ಲಿ ಗೊತ್ತಿರೋ ರೋಹು, ಕಾಟ್ಲಾ ಕೂಡ ಇವೆ. ಇಷ್ಟರ ನಡುವೆ ಎಲ್ಲರ ಕಣ್ಣು ಇರೋದು ಚಿನ್ನದ ಬಣ್ಣದ ಮಹಸೀರ್ ಮೇಲೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿದ್ದೀರಲ್ಲ, ಅಲ್ಲಿನ ದೇವರ ಮೀನುಗಳಲ್ಲೂ ಮಹಸೀರ್ ಕುಲದವು ಇವೆ, ಇದು ಅವುಗಳ ಹಿಮಾಲಯದ ದಾಯಾದಿ. ನಮ್ಮ ಕಾವೇರಿಯ ಡುಬ್ಬದ ಮಹಸೀರ್ ತೀವ್ರ ಅಪಾಯದ ಪಟ್ಟಿಯಲ್ಲಿದೆ. ಹಿಮಾಲಯದ್ದು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಆದರೂ ಅಳಿವಿನಂಚಿನ ಪಟ್ಟಿಯಲ್ಲೇ.

"ಅಷ್ಟೊಂದು ಕಾಣ್ತವಲ್ಲ, ಅಳಿವು ಎಲ್ಲಿಂದ ಬಂತು?" ಅಂತ ಕೇಳ್ತೀರಿ. ಬ್ರೆಡ್ ಚೂರು ಬೀಳೋ ಜಾಗಕ್ಕೆ ಕೆರೆಯ ದೊಡ್ಡ ಮೀನೆಲ್ಲ ಬಂದು ಸೇರುತ್ತೆ. ಊರಿನ ಅರಳಿಕಟ್ಟೆ ಮೇಲೆ ಹಿರಿಯರು ತುಂಬಿ ಕೂತಿದ್ದಾರೆ ಅಂದಮಾತ್ರಕ್ಕೆ ಊರಿನ ಶಾಲೆಯಲ್ಲಿ ಮಕ್ಕಳಿದ್ದಾರೆ ಅಂತ ಹೇಳಕ್ಕಾಗುತ್ತಾ? ಕೆರೆಯ ನಾಳೆ ಗೊತ್ತಾಗೋದು ಬೆರಳುದ್ದದ ಮರಿಗಳಿಂದ. ಅವು ಬ್ರೆಡ್ಡಿಗೆ ಬರಲ್ಲ.

ಮರಿ ಯಾಕೆ ಕಷ್ಟ ಅಂದ್ರೆ, ಗೆಂಡೆ ಮೀನು ಕಿಲೋ ತೂಕಕ್ಕೆ ಲಕ್ಷದ ಮೇಲೆ ಮೊಟ್ಟೆ ಇಡುತ್ತೆ. ಮಹಸೀರ್ ಕೆಲವೇ ಸಾವಿರ. ಬೆಳೆಯೋದೂ ನಿಧಾನ, ಹೆಣ್ಣು ಮೊಟ್ಟೆ ಇಡೋ ಹೊತ್ತಿಗೆ ಹಲವು ವರ್ಷ ಆಗಿರುತ್ತೆ. ಮೊಟ್ಟೆಗೆ ಬೇಕಾದದ್ದು ಗರಿಕಲ್ಲಿನ ತಳ, ಗಾಳಿಯಾಡೋ ತಿಳಿನೀರು. ಭೀಮತಾಲ್‌ನಲ್ಲಿ ಈ ಕಾಲ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ. ನದಿಯಲ್ಲಾದರೆ ಮೀನು ಮಳೆನೀರಿಗೆ ಎದುರಾಗಿ ಮೇಲಕ್ಕೆ ಹತ್ತುತ್ತೆ. ಕೆರೆಯಲ್ಲಿ ಅದಕ್ಕೆ ಸಿಗೋದು ದಡದ ಆಳವಿಲ್ಲದ ನೀರು, ತೊರೆ ಬಂದು ಸೇರೋ ಬಾಯಿ, ಇಷ್ಟೇ. ಅಣೆಯಿಂದ ನೀರು ಬಿಟ್ಟಾಗ ಮೊದಲು ಒಣಗೋದೂ ಅದೇ ದಡ. ಕಟ್ಟಡಗಳ ಮಣ್ಣು ಬಂದು ಕೂರೋದೂ ಅದೇ ಗರಿಕಲ್ಲಿನ ಮೇಲೆ. ಉಳಿದದ್ದನ್ನು ಕೆದಕೋಕೆ ಸಾಮಾನ್ಯ ಗೆಂಡೆ ಇದೆ. ಹಂದಿ ಗದ್ದೆ ಉತ್ತ ಹಾಗೆ ತಳ ಉಳುತ್ತೆ, ಸಿಕ್ಕಿದ ಮೊಟ್ಟೆ ತಿನ್ನುತ್ತೆ.

ಇನ್ನೊಂದು ಸಂಗತಿ, ಗಾಳ ಹಾಕೋರಿಗೆ ನೇರವಾಗಿ ಬೇಕಾದದ್ದು. ಕೆರೆಯ ಆಳ ಕೆಲವು ಕಡೆ ಇಪ್ಪತ್ತು ಮೀಟರ್ ದಾಟುತ್ತೆ. ಆದರೆ ಬೇಸಿಗೆಯಲ್ಲಿ ಮೀನಿಗೆ ಅಷ್ಟು ಆಳ ಉಪಯೋಗಕ್ಕಿಲ್ಲ. ಮೇಲಿನ ನೀರು ಬಿಸಿಯಾಗಿ ಹಗುರಾಗುತ್ತೆ, ತಣ್ಣನೆ ನೀರು ಕೆಳಗೇ ಉಳಿಯುತ್ತೆ, ಎರಡೂ ಬೆರೆಯಲ್ಲ. ಚರಂಡಿ ಕೊಳೆ, ಸತ್ತ ಪಾಚಿ ಎಲ್ಲ ತಳ ಸೇರಿ ಕೊಳೆಯೋವಾಗ ಅಲ್ಲಿನ ಆಮ್ಲಜನಕ ಮುಗಿದುಹೋಗುತ್ತೆ. ದೊಡ್ಡ ಮೀನು ಆಳದಲ್ಲಿರುತ್ತೆ ಅಂತ ಮೇ ತಿಂಗಳಲ್ಲಿ ಗುಂಡು ಕಟ್ಟಿ ತಳಕ್ಕೆ ಇಳಿಸೋರನ್ನು ನೋಡಿದ್ದೀನಿ. ಖಾಲಿ ಮನೆಯ ಬಾಗಿಲು ಬಡಿದ ಹಾಗೆ ಅದು. ಚಳಿಗಾಲದಲ್ಲಿ ಮೇಲಿನ ನೀರು ತಣ್ಣಗಾಗಿ ಇಳಿದು ಎಲ್ಲಾ ಕಲೆಸಿಕೊಳ್ಳುತ್ತೆ. ಆಗ ತಳದ ಕೆಟ್ಟ ನೀರು ಮೇಲೆ ಬಂದು ಮೀನು ಬಾಯಿ ಬಿಡುವಂತಾಗುತ್ತೆ. ಪಕ್ಕದ ನೈನಿತಾಲ್‌ನಲ್ಲಿ ಇದಕ್ಕಾಗಿಯೇ 2007ರಿಂದ ಕೊಳವೆ ಹಾಕಿ ತಳಕ್ಕೆ ಗಾಳಿ ಊದುತ್ತಿದ್ದಾರೆ.

ಈಗ ನನ್ನ ತಪ್ಪು ಹೇಳ್ತೀನಿ. ಕೆಲವು ವರ್ಷದ ಹಿಂದೆ, ಮೇ ಕೊನೆ. ಮೊದಲ ಮಳೆ ಬಿದ್ದು ತೊರೆ ಕೆಂಪಗೆ ಹರೀತಿತ್ತು. ತೊರೆಬಾಯಲ್ಲಿ ಗೋಧಿಹಿಟ್ಟಿನ ಉಂಡೆ ಹಾಕಿದೆ, ಹತ್ತು ನಿಮಿಷದಲ್ಲಿ ರಾಡ್ ಬಾಗಿತು. ಮೂರು ಕಿಲೋ ಹತ್ತಿರದ ಮಹಸೀರ್. ಬಿಟ್ಟುಬಿಡೋದು ಅಂತ ಮೊದಲೇ ನಿರ್ಧಾರ ಮಾಡಿದ್ದೆ, ಅದರ ಹೆಮ್ಮೆ ಬೇರೆ. ಆದರೆ ಫೋಟೊ ಬೇಕಲ್ಲ. ಎತ್ತಿ ಹಿಡಿದೆ, ಇನ್ನೊಂದು, ಮತ್ತೊಂದು. ಅಷ್ಟರಲ್ಲಿ ಅಂಗೈ ಮೇಲೆ ಏನೋ ಜಾರಿದ ಹಾಗಾಯ್ತು. ನೋಡಿದರೆ ಹಳದಿ ಮೊಟ್ಟೆಗಳು, ಬೆರಳ ಸಂದಿಯಿಂದ ನೆಲಕ್ಕೆ ಬೀಳ್ತಿವೆ. ನೀರಿಗೆ ಬಿಟ್ಟೆ. ಅದು ಸ್ವಲ್ಪ ಹೊತ್ತು ಮಗ್ಗುಲಾಗಿ ತೇಲಿ, ನಿಧಾನವಾಗಿ ಒಳಗೆ ಹೋಯ್ತು. ಉಳಿಯಿತೋ ಇಲ್ಲವೋ ಗೊತ್ತಿಲ್ಲ. ಆ ಫೋಟೊ ನಾನು ಎಲ್ಲೂ ಹಾಕಿಲ್ಲ.

ಸುಲಭವಾಗಿ ಸಿಗೋ ಜಾಗ, ಸುಲಭವಾಗಿ ಸಿಗೋ ತಿಂಗಳು ಯಾವುದು ಅಂತ ಆವತ್ತು ಗೊತ್ತಾಯ್ತು. ಅದು ಮೀನಿನ ಬಾಣಂತಿಕೋಣೆ. ಅಲ್ಲಿಗೆ ಕೋಲು ಹಿಡಿದು ಹೋಗೋ ಹಾಗಿಲ್ಲ.

ಭೀಮತಾಲ್‌ನಲ್ಲೇ ಶೀತಜಲ ಮೀನುಗಾರಿಕೆಯ ಕೇಂದ್ರ ಸರ್ಕಾರಿ ಸಂಶೋಧನಾ ಸಂಸ್ಥೆ ಇದೆ, ಅದು ಶುರುವಾದದ್ದು 1987ರಲ್ಲಿ. ಅವರು ಕೆರೆಯ ತಾಯಿಮೀನಿನಿಂದ ಮೊಟ್ಟೆ ಪಡೆದು, ಹರಿಯೋ ನೀರಿನ ತಟ್ಟೆಗಳಲ್ಲಿ ಮರಿ ಮಾಡುವ ವಿಧಾನ ಬೆಳೆಸಿದ್ದಾರೆ. ಒಳ್ಳೇ ಕೆಲಸ. ಆದರೆ ಎಷ್ಟೇ ಮರಿ ಬಿಟ್ಟರೂ ಅವು ದೊಡ್ಡವಾಗಿ ಮೊಟ್ಟೆ ಇಡೋಕೆ ಹುಡುಕೋದು ಅದೇ ಗರಿಕಲ್ಲಿನ ದಡ.

ಹಾಗಾದರೆ ಮಗನ ರಾಡ್ ಏನು ಮಾಡೋಣ? ಹೋಗೋದಿದ್ದರೆ ಮಾರ್ಚ್‌–ಏಪ್ರಿಲ್, ಇಲ್ಲವೇ ಅಕ್ಟೋಬರ್. ಡಿಸೆಂಬರ್ ಚಳಿಗೆ ಮಹಸೀರ್ ಮಂಕಾಗಿರುತ್ತೆ, ಸುಮ್ಮನೆ ಕೂರಬೇಕು. ಪರ್ಮಿಟ್ ಇಲ್ಲದೆ ಕೂರಬೇಡಿ, ಆ ವರ್ಷದ ನಿಯಮ ಏನು ಅಂತ ಅಲ್ಲಿನ ಮೀನುಗಾರಿಕೆ ಕಚೇರಿಯಲ್ಲೇ ಕೇಳಿ. ಬೆಳಗಿನ ಜಾವ, ಸಂಜೆ, ಎರಡು ಮೂರು ಮೀಟರ್ ಆಳದ ನೀರು ಸಾಕು. ಹಿಟ್ಟಿನ ಉಂಡೆಗೆ ಗೆಂಡೆ ಚೆನ್ನಾಗಿ ಬರುತ್ತೆ. ನಿಯಮ ಒಪ್ಪಿದರೆ ಗೆಂಡೆಯನ್ನು ಮನೆಗೆ ತಂದು ಸಾರು ಮಾಡಿ, ಕೆರೆಗೆ ಉಪಕಾರವೇ. ಕೊಕ್ಕೆ ಒಂದೇ ಇರಲಿ, ಅದರ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಮಹಸೀರ್ ಬಿದ್ದರೆ ಕೈ ಒದ್ದೆ ಮಾಡ್ಕೊಂಡು, ನೀರಿನಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಕಿವಿರಿಗೆ ಬೆರಳು ಹಾಕಿ ಎತ್ತಬೇಡಿ. ಫೋಟೊ ಬೇಕೇ ಬೇಕಂದರೆ ಮಗ ನೀರಿಗಿಳಿದು ಬಗ್ಗಿ ಕೂರಲಿ, ಮೀನು ನೀರಲ್ಲೇ ಇರಲಿ.

ಗೋಧಿಹಿಟ್ಟಿಗೆ ಏನೇನು ಬೆರೆಸಬೇಕು ಅಂತಲೂ ಕೇಳಿದ್ದೀರಿ. ಅದನ್ನು ಮುಂದಿನ ವಿಡಿಯೊದಲ್ಲಿ ಮಾಡಿಯೇ ತೋರಿಸ್ತೀನಿ.