ಮೈಸೂರು ಬ್ಯಾಂಕಿನ ಮನೆ

ಸ್ಮಾರಕವೆಂದೊಡನೆ ನಮ್ಮ ಮನಸ್ಸು ದೇಗುಲಕ್ಕೋ ಅರಮನೆಗೋ ಕೋಟೆಯ ಹೆಬ್ಬಾಗಿಲಿಗೋ ಓಡುತ್ತದೆ. ದೇವರಿದ್ದ ಮನೆ, ಅರಸರಿದ್ದ ಮನೆ ನಮಗೆ ಪೂಜ್ಯ. ಸಾಮಾನ್ಯರು ತಮ್ಮ ದುಡಿಮೆಯ ಹಣವನ್ನು ನಂಬಿ ಇರಿಸಿದ ಮನೆಯನ್ನು ಮಾತ್ರ ಆ ಸಾಲಿನಲ್ಲಿ ನಿಲ್ಲಿಸಲು ಹಿಂಜರಿಯುತ್ತೇವೆ. ಬೆಂಗಳೂರಿನ ಅವೆನ್ಯೂ ರಸ್ತೆಯೂ ಕೆಂಪೇಗೌಡ ರಸ್ತೆಯೂ ಕೂಡುವೆಡೆಯಲ್ಲಿರುವ ಮೈಸೂರು ಬ್ಯಾಂಕಿನ ಹಳೆಯ ಕಟ್ಟಡವನ್ನು ಕಂಡಾಗಲೆಲ್ಲ ಈ ಹಿಂಜರಿಕೆ ಸಲ್ಲದೆಂದು ನನಗೆ ತೋರುತ್ತದೆ.

ಕಂಬ ಕಮಾನುಗಳ ವಿವೇಚನೆ ವಾಸ್ತುಶಾಸ್ತ್ರಜ್ಞರಿಗೆ ಸೇರಿದ್ದು. ಕನ್ನಡ ಪಾಠ ಹೇಳುವ ನನ್ನನ್ನು ಸೆಳೆಯುವುದು ಪದಗಳ ಚರಿತ್ರೆ. ನಮ್ಮ ದಾನಶಾಸನಗಳು ಅಷ್ಟಭೋಗಗಳನ್ನು ಎಣಿಸುವಾಗ ನಿಧಿ, ನಿಕ್ಷೇಪ ಎಂದು ತೊಡಗುತ್ತವೆ. ಎರಡೂ ನೆಲದಲ್ಲಿ ಹುದುಗಿದ ಧನವೇ. ಸಂಪತ್ತೆಂದರೆ ಹೂತಿಟ್ಟದ್ದು ಎಂಬ ಭಾವನೆ ಅಷ್ಟು ಆಳವಾಗಿ ಬೇರೂರಿತ್ತು. ಆದರೆ ಹೂತ ಹಣ ಬೆಳೆಯದು. ಅದು ಹೊರಬಂದು ಹರಿಯಬೇಕಾದರೆ, ಅಪರಿಚಿತರ ಕೈಗೆ ಗಂಟನ್ನೊಪ್ಪಿಸುವ ಧೈರ್ಯ ಜನರಿಗೆ ಬರಬೇಕು. ಆ ಧೈರ್ಯಕ್ಕೆ ಕಣ್ಣಿಗೆ ಕಾಣುವ ಗೋಡೆ ಬಾಗಿಲುಗಳ ಆಸರೆ ಬೇಕು.

ಆ ಆಸರೆ ಒದಗಿದ್ದು 1913ರಲ್ಲಿ. ಎಂ. ವಿಶ್ವೇಶ್ವರಯ್ಯನವರು ಅಧ್ಯಕ್ಷರಾಗಿದ್ದ ಸಮಿತಿಯ ಪ್ರೇರಣೆಯಿಂದ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಅವರ ದಿವಾನಗಿರಿಯಲ್ಲಿಯೇ 1915ರಲ್ಲಿ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ರೂಪುಗೊಂಡವು. ಹಣ, ನುಡಿ, ವಿದ್ಯೆ ಮೂರಕ್ಕೂ ನಾಲ್ಕು ವರ್ಷಗಳೊಳಗೆ ನೆಲೆಯಾಯಿತು. ಪರಿಷತ್ತನ್ನು ನೆನೆಯುವ ಸಾಹಿತ್ಯಾಭಿಮಾನಿಗಳು ಅದರ ಈ ಹಿರಿಯ ಸಹೋದರನನ್ನು ಮರೆಯಬಾರದು.

ಮಂಡ್ಯದ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹರಿದುಹೋಗುತ್ತಿದ್ದ ಕಾವೇರಿಯನ್ನು ಕನ್ನಂಬಾಡಿಯಲ್ಲಿ ತಡೆದು, ವಿಶ್ವೇಶ್ವರಯ್ಯ ನಾಲೆಯಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳಿಗೆ ಹಂಚಿದ್ದರಿಂದಲೇ ಇಲ್ಲಿ ಕಬ್ಬು ಬೆಳೆಯಿತು, 1933ರಲ್ಲಿ ಸಕ್ಕರೆ ಕಂಪನಿ ಬಂದಿತು. ನೀರಿಗೆ ಅಣೆಕಟ್ಟು ಹೇಗೋ ಹಣಕ್ಕೆ ಬ್ಯಾಂಕು ಹಾಗೆ: ಕೂಡಿಡುವುದು ಹಂಚುವುದಕ್ಕಾಗಿ. ತರಗತಿಯಲ್ಲಿ ಹೀಗೆಂದಾಗ ರೈತರ ಮಕ್ಕಳ ಮುಖ ಅರಳುವುದನ್ನು ಕಂಡಿದ್ದೇನೆ.

1960ರಲ್ಲಿ ಆ ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು; 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ಆಡಳಿತದ ದೃಷ್ಟಿಯಿಂದ ಅದು ಯುಕ್ತವೇ ಇರಬಹುದು. ಆದರೆ ಮುಂದಿನ ಚೌಕವನ್ನು ಜನ ಇಂದಿಗೂ ಮೈಸೂರು ಬ್ಯಾಂಕ್ ವೃತ್ತವೆಂದೇ ಕರೆಯುತ್ತಾರೆ. 1942ರ ಚಳವಳಿಯಲ್ಲಿ ಪ್ರಾಣ ತೆತ್ತವರ ಸ್ಮಾರಕವೂ ಅಲ್ಲಿಯೇ ಇದೆ. 1938ರ ಧ್ವಜ ಸತ್ಯಾಗ್ರಹದ ನೆನಪಿಗೆ ಮದ್ದೂರಿನ ಶಿವಪುರದಲ್ಲಿ ಸೌಧವನ್ನು ಕಾಪಾಡಿಕೊಂಡ ನಾವು ಆ ಚೌಕದ ಬೆಲೆಯನ್ನೂ ಅರಿಯಬಲ್ಲೆವು.

ಬ್ಯಾಂಕಿಲ್ಲದ ಬ್ಯಾಂಕಿನ ಹೆಸರು ಎಷ್ಟು ಕಾಲ ಬಾಳೀತು? ಕಟ್ಟಡ ನಿಂತಿರುವವರೆಗೆ ಆ ಹೆಸರಿಗೆ ಅರ್ಥವಿದೆ. ಅದು ಅಳಿದರೆ ಹೆಸರು ಬರಿಯ ಬಸ್ ನಿಲ್ದಾಣದ ಗುರುತಾಗಿ ಉಳಿಯುತ್ತದೆ. ನಮ್ಮ ಊರುಗಳ ಹಳೆಯ ಶಾಖೆಗಳ ಫಲಕಗಳೂ ಬದಲಾಗಿವೆ. ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಪಾಸ್‌ಪುಸ್ತಕವಿದ್ದರೆ ಅದನ್ನು ರದ್ದಿಗೆ ಹಾಕಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿರುತ್ತೇನೆ. ಬೆಂಗಳೂರಿನ ಆ ಕಟ್ಟಡದ ಚರಿತ್ರೆಯ ಕೊನೆಯ ಪುಟಗಳು ನಮ್ಮ ಹಳ್ಳಿಗಳ ಪೆಟ್ಟಿಗೆಗಳಲ್ಲಿವೆ.