ಮಾಸು ನುಡಿದ ಸಾಕ್ಷಿ

2020ರ ಮಾರ್ಚ್ ಕೊನೆಯಲ್ಲಿ ಮುಂಬೈಯ ಲೋಕಲ್ ರೈಲುಗಳು ನಿಂತವು. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈಗಳ ಬಸುರಿಯರಿಗೆ ನಗರದ ದೊಡ್ಡಾಸ್ಪತ್ರೆಗಳು ಒಮ್ಮೆಲೇ ದೂರವಾದವು. ಹೆರಿಗೆಗೆ ಊರಿಗೆ ಹೋಗೋಣವೆಂದರೆ ಆ ದಾರಿಯೂ ಬಂದ್. ಕೊರೊನಾ ತಾಯಿಗೆ ತಗುಲಿದರೆ ಹೊಟ್ಟೆಯೊಳಗಿನ ಕೂಸಿಗೂ ತಗಲುವುದೇ? ವೈದ್ಯರೂ ಖಚಿತವಾಗಿ ಹೇಳಲಾರದೆ ಹೋದರು.

ವುಹಾನ್‌ನಲ್ಲಿ ಕೆಲವು ನವಜಾತ ಶಿಶುಗಳ ರಕ್ತದಲ್ಲಿ ಪ್ರತಿಕಾಯ ಕಂಡಿತ್ತು, ಮೂಗಿನಲ್ಲಿ ವೈರಸ್ ಸಿಕ್ಕಿರಲಿಲ್ಲ. ಅಂಥ ಪರೀಕ್ಷೆಯನ್ನು ನಂಬುವುದು ಹೇಗೆಂದು ತಜ್ಞರು ಕೊಕ್ಕೆ ಹಾಕಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಹುಟ್ಟಿದ ಮೇಲೆ ತಾಯಿಯ ಉಸಿರಿನಿಂದಲೋ ದಾದಿಯ ಕೈಯಿಂದಲೋ ಸೋಂಕು ತಗಲಿರಬಹುದಿತ್ತು. ಗರ್ಭದಲ್ಲೇ ತಗಲಿತೆಂದು ಹೇಳಲು ಹೆರಿಗೆಯ ಹೊತ್ತಿನದೇ ಪುರಾವೆ ಬೇಕಿತ್ತು.

ಆ ಪುರಾವೆ ಸಿಕ್ಕಿದ್ದು ಘಟ್ಟದ ಆಚೆ, ಪುಣೆಯ ಸಸೂನ್ ಆಸ್ಪತ್ರೆಯಲ್ಲಿ, ಮೇ ತಿಂಗಳ ಕೊನೆಗೆ. ತುಂಬು ಬಸುರಿಯೊಬ್ಬಳಿಗೆ ಹೆರಿಗೆಗೆ ಮುನ್ನ ಜ್ವರ ಬಂದಿತ್ತು. ಮೂಗಿನ ದ್ರವದ ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಬೇರೆ ಕಾಲವಾಗಿದ್ದರೆ ಕಡತ ಅಲ್ಲಿಗೇ ಮುಚ್ಚುತ್ತಿತ್ತು. ಆದರೆ ಮಗು ಹುಟ್ಟಿದಾಗ ವೈದ್ಯರು ಅದರ ಮೂಗಿನ ದ್ರವವನ್ನಷ್ಟೇ ಅಲ್ಲ, ಹೊಕ್ಕುಳಬಳ್ಳಿಯನ್ನೂ ಮಾಸನ್ನೂ ಪರೀಕ್ಷೆಗೆ ಕಳಿಸಿದರು. ಹೆರಿಗೆಯಾದ ಕೂಡಲೇ ಕಸಕ್ಕೆ ಹೋಗುವ ವಸ್ತು ಮಾಸು!

ಮೂರರಲ್ಲೂ ವೈರಸ್ ಇತ್ತು. ತಾಯಿಯಲ್ಲಿ ಇಲ್ಲದ್ದು ಮಗುವಿಗೆ ಎಲ್ಲಿಂದ ಬಂತು? ಪ್ರಯೋಗಾಲಯ ಎಡವಿತೇ?

ಯೋಚಿಸಲು ಬಿಡುವಿರಲಿಲ್ಲ. ಎರಡು ಮೂರು ದಿನದೊಳಗೆ ಕೂಸಿಗೆ ಜ್ವರ ಏರಿತು, ಹಾಲು ಕುಡಿಯುವುದು ಕಡಿಮೆಯಾಯಿತು, ಮೈ ಸೋತಿತು. ವೈರಸ್ಸಿನ ವಿರುದ್ಧ ಎದ್ದ ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯೇ ಹದ್ದುಮೀರಿ ಅಂಗಗಳ ಮೇಲೆ ಎರಗಿತ್ತು. ಮಕ್ಕಳ ವಿಭಾಗದ ಮುಖ್ಯಸ್ಥೆ ಡಾ. ಆರತಿ ಕಿಣೀಕರ್ ಮತ್ತು ಸಂಗಡಿಗರು ಅದನ್ನು ತೀವ್ರ ನಿಗಾ ಘಟಕದಲ್ಲಿಟ್ಟು ಕಾದರು. ದೊಡ್ಡವರಿಗೇ ಖಚಿತ ಮದ್ದಿಲ್ಲದ ಕಾಯಿಲೆ, ಎದುರಿಗಿದ್ದುದು ಕೆಲವೇ ದಿನಗಳ ಪ್ರಾಯದ ರೋಗಿ. ಸುಮಾರು ಮೂರು ವಾರಗಳಲ್ಲಿ ಮಗು ಚೇತರಿಸಿಕೊಂಡಿತು.

ಒಗಟು ಬಿಡಿಸಿದ್ದು ತಾಯಿಯ ರಕ್ತ. ಮೂರು ವಾರದ ಬಳಿಕ ನೋಡಿದಾಗ ಅದರಲ್ಲಿ ಕೊರೊನಾ ಪ್ರತಿಕಾಯಗಳಿದ್ದವು. ಆಕೆಗೆ ಸೋಂಕಾಗಿತ್ತು, ಮೂಗಿನ ಪರೀಕ್ಷೆ ಅದನ್ನು ಹಿಡಿದಿರಲಿಲ್ಲ. ಜುಲೈ ಕೊನೆಗೆ ಸಸೂನ್ ಇದನ್ನು ಗರ್ಭದಲ್ಲೇ ಸೋಂಕು ತಗಲಿದ ಭಾರತದ ಮೊದಲ ಪ್ರಕರಣವೆಂದು ಪ್ರಕಟಿಸಿತು. ಅದಕ್ಕೆ ಎರಡು ವಾರ ಮೊದಲು ಪ್ಯಾರಿಸ್ ಬಳಿಯ ವೈದ್ಯರೂ ಮಾಸನ್ನೇ ಪರೀಕ್ಷಿಸಿ ಇದೇ ತೀರ್ಮಾನ ಹೇಳಿದ್ದರು.

ವೈರಸ್ ತಾಯಿಯ ರಕ್ತದಿಂದ ಮಾಸಿಗಿಳಿದು, ಅಲ್ಲಿಂದ ಹೊಕ್ಕುಳಬಳ್ಳಿಯ ಮೂಲಕ ಕೂಸಿಗೆ ದಾಟಬಲ್ಲದು. ಹಾಗೆ ದಾಟುವುದು ಅಪರೂಪ. ಸೋಂಕಿತ ತಾಯಂದಿರ ಬಹುಪಾಲು ಮಕ್ಕಳು ಸೋಂಕಿಲ್ಲದೆಯೇ ಹುಟ್ಟಿದರು.

ದೊಡ್ಡ ಅಪಾಯ ತಾಯಂದಿರಿಗೇ ಇತ್ತು. ಮುಂಬೈಯ ನಾಯರ್ ಆಸ್ಪತ್ರೆಯ ವೈದ್ಯರೂ ಸೇರಿ ಕಟ್ಟಿದ ‘ಪ್ರೆಗ್‌ಕೋವಿಡ್’ ದಾಖಲೆಯ 1,530 ಮಹಿಳೆಯರಲ್ಲಿ ಸಾವಿನ ಪ್ರಮಾಣ ಮೊದಲ ಅಲೆಯಲ್ಲಿ ಶೇ. 0.7 ಇದ್ದದ್ದು ಎರಡನೆಯದರಲ್ಲಿ ಶೇ. 5.7ಕ್ಕೆ ಏರಿತು. 2021ರ ಜುಲೈ 2ರಂದು ಕೇಂದ್ರ ಸರ್ಕಾರ ಗರ್ಭಿಣಿಯರಿಗೆ ಲಸಿಕೆ ಹಾಕಲು ಒಪ್ಪಿತು.