ವೆಲ್‌ನೆಸ್ ಬೇಕಾ? ಒಂದು ಸ್ಟೂಲ್ ಹಾಕಿ!

ಸೀರೆ ಅಂಗಡೀಲಿ ನೀವು ಕೂತು ರಾಶಿ ರಾಶಿ ಸೀರೆ ತೆಗೆಸ್ತೀರಲ್ಲ,
ತೋರಿಸೋ ಹುಡುಗಿ ಕೂತಿದ್ದನ್ನ ಯಾವತ್ತಾದ್ರೂ ನೋಡಿದೀರಾ?

ಆಫೀಸಲ್ಲಿ ವೆಲ್‌ನೆಸ್ ಅಂದ್ರೆ ಯೋಗ ಕ್ಲಾಸು, ಹಣ್ಣಿನ ಬುಟ್ಟಿ.
ಇರಲಿ ಬಿಡಿ.
ದಿನವಿಡೀ ನಿಂತೇ ದುಡಿಯೋರಿಗೆ?

ನಮ್ಮ ಮೀನಖಂಡ ಇದ್ಯಲ್ಲ,
ಅದು ಬಾವಿ ಪಂಪ್‌ಸೆಟ್ ಥರ.
ನಡೆದಾಗ ರಕ್ತವನ್ನ ಮೇಲಕ್ಕೆ ತಳ್ಳುತ್ತೆ.
ಅಲ್ಲಾಡದೆ ನಿಂತ್ರೆ?
ಪಂಪ್ ಆಫ್!
ರಕ್ತ ಕೆಳಗೇ ನಿಲ್ಲುತ್ತೆ.
ಪಾದ ಊದುತ್ತೆ,
ಬರ್ತಾ ಬರ್ತಾ ಕಾಲಿನ ರಕ್ತನಾಳ ಉಬ್ಬುತ್ತೆ.

ಕೇರಳದ ಕಲ್ಲಿಕೋಟೆಯ ಅಂಗಡಿ ಹೆಣ್ಮಕ್ಕಳು
ಕೂರೋ ಹಕ್ಕಿಗಾಗಿ ಬೀದಿಗಿಳಿದ್ರು.
ಹೌದು, ಬರೀ ಕೂರೋಕೆ!
2018ರಲ್ಲಿ ಕೇರಳ ಕಾನೂನು ತಿದ್ದಿ ಆ ಹಕ್ಕು ಕೊಟ್ಟಿತು.
2021ರಲ್ಲಿ ತಮಿಳುನಾಡೂ ತಿದ್ದಿತು.

ಮಾಲೀಕರೇ,
ಆ್ಯಪ್ ಬೇಡ, ಟ್ರೈನರ್ ಬೇಡ.
ಕೌಂಟರ್ ಹಿಂದೆ ಒಂದು ಸ್ಟೂಲ್ ಹಾಕಿ.
ಗಿರಾಕಿ ಇಲ್ದಾಗ ಕೂತ್ರೆ, ದಯವಿಟ್ಟು ಗದರಬೇಡಿ.